ಪುಟ್ಟಾ, ಆ ಸ್ಯಾಂಡರ್ ಕಾರಿಗೆ ಹಚ್ಚಬೇಡ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಬಾನೆಟ್ ಮೇಲೆ ಬೋರ್ ನೀರಿನ ಕಲೆ ಕೂತಿದೆ, ಸಣ್ಣ ಗೀರುಗಳೂ ಇವೆ, ಮನೆ ಮರದ ಬಾಗಿಲು ಉಜ್ಜಿ ನಯ ಮಾಡೋಕೆ ತಂದ ಸ್ಯಾಂಡರ್ ಮೆಷಿನ್ ಮನೇಲಿದೆ, ಅದಕ್ಕೇ ಸ್ಪಂಜು ಸಿಕ್ಕಿಸಿ ಪಾಲಿಶ್ ಹೊಡೀಲಾ ಅಂತ ಕೇಳಿದ್ದೀಯ. ಬೇಡ ಮಗಾ. ಮರದ ಸ್ಯಾಂಡರ್ ಕಾರಿನ ಬಣ್ಣಕ್ಕೆ ಮುಟ್ಟಿಸಲೇಬೇಡ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಕೇಳು.

ನಮ್ಮ ಬೂದು ಸ್ವಿಫ್ಟ್ ಎಲ್ಲರಿಗೂ ನೆನಪಿದೆಯಲ್ಲ. ದೊಡ್ಡವಳ ಮದುವೆಗೆ ಗಾಡಿ ಹೊಳೀಲಿ ಅಂತ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಟಿಂಕರಿಂಗ್ ಶೆಡ್‌ಗೆ ಕೊಟ್ಟಿದ್ದೆ. ರಬ್ಬಿಂಗ್ ಪಾಲಿಶ್ ಅಂತ ಮಾತಾಗಿತ್ತು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತಿದ್ದೆ, ನಿಮ್ಮಪ್ಪನೂ ಇದ್ದ, ಬೇಕಾದ್ರೆ ಕೇಳು. ಹುಡುಗ ಒಳಗಿಂದ ಕಬ್ಬಿಣ ಕತ್ತರಿಸೋ ಗ್ರೈಂಡರ್ ತಂದ, ಅದಕ್ಕೆ ಉಣ್ಣೆ ಬಫ್ ಸಿಕ್ಕಿಸಿದ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಪಾಲಿಶ್‌ಗೆ ಅಂತಲೇ ಮಾಡಿದ ರೋಟರಿ ಮೆಷಿನ್ ಸಾಮಾನ್ಯವಾಗಿ 600ರಿಂದ 3,000ದ ಒಳಗೇ ಓಡೋದು. ‘ನಿಲ್ಲಿಸಪ್ಪಾ’ ಅಂತ ನಾನು ಎದ್ದು ಹೋಗೋಷ್ಟರಲ್ಲಿ ಸುಟ್ಟ ವಾಸನೆ ಬಂತು. ಬಾನೆಟ್ ಅಂಚಿನಲ್ಲಿ ಬೆರಳಗಲ ಬಣ್ಣ ಎದ್ದು ಹೋಗಿ ಒಳಗಿನ ಪ್ರೈಮರ್, ಅಂದ್ರೆ ಬಣ್ಣದ ಅಡಿಯ ಪದರ, ಕಾಣ್ತಿತ್ತು. ಕೈ ಇಟ್ಟೆ, ಕಾವಲಿ ಥರ ಸುಡ್ತಿತ್ತು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತೆ. ಹೊಳಪೆಲ್ಲ ಅದರದ್ದೇ. ದಪ್ಪ ಎಷ್ಟು ಗೊತ್ತಾ? 40–50 ಮೈಕ್ರಾನ್. ನ್ಯೂಸ್‌ಪೇಪರ್ ಹಾಳೆಗಿಂತ ತೆಳು. ಅಂಚು, ಮಡಿಕೆಗಳಲ್ಲಿ ಇನ್ನೂ ಕಡಿಮೆ. ಒಂದು ಸಲ ಹೋಯ್ತು ಅಂದ್ರೆ ಮತ್ತೆ ಪೇಂಟೇ ಹೊಡಿಸಬೇಕು. ಆ ಸ್ಯಾಂಡರ್ ನಿಮಿಷಕ್ಕೆ 10,000ಕ್ಕೂ ಜಾಸ್ತಿ ಸಲ ಅದುರುತ್ತೆ, ಪ್ಯಾಡ್ ಗಟ್ಟಿ. ಅದನ್ನ ಮಾಡಿರೋದೇ ಮರ ಸವೆಸೋಕೆ. ಪ್ಲಾಸ್ಟಿಕ್ ಬಂಪರ್ ಆದ್ರಂತೂ ಬಿಸಿ ಹೊರಗೆ ಹೋಗಲ್ಲ, ಬಣ್ಣ ಇನ್ನೂ ಬೇಗ ಸುಡುತ್ತೆ. ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಕಾರಿಗೇ ಅಂತ ಸಣ್ಣ ಸ್ಯಾಂಡರ್ ಇಟ್ಟಿರ್ತಾರೆ, ನಿಜ. ಅವರು 3000 ನಂಬರ್‌ನ ತುಂಬಾ ನಯವಾದ ಸ್ಯಾಂಡ್‌ಪೇಪರ್ ಹಾಕ್ತಾರೆ, ಮೀಟರ್ ಇಟ್ಟು ಬಣ್ಣದ ದಪ್ಪ ಅಳೀತಾ ಕೆಲಸ ಮಾಡ್ತಾರೆ. ಅದನ್ನ ವಿಡಿಯೋದಲ್ಲಿ ನೋಡಿ ನೀನು ಬಾಗಿಲಿನ ಮೆಷಿನ್ ಎತ್ಕೋಬೇಡ. ಮತ್ತೆ ಹೇಳ್ತೀನಿ, ಸ್ಪಂಜು ಹಾಕಿದ್ರೂ ಬೇಡ, ನಿಧಾನಕ್ಕೆ ಓಡಿಸ್ತೀನಿ ಅಂದ್ರೂ ಬೇಡ.

ಆ ಶೆಡ್ ಮಾಲೀಕ ಏನಂದ ಗೊತ್ತಾ? ‘ನಿಮ್ಮ ಪೇಂಟೇ ಹಳೇದು ಸಾರ್’ ಅಂದ. ಬಿಲ್ಲೂ ಕೊಡಲಿಲ್ಲ. ಬಾನೆಟ್‌ಗೆ ನಾನೇ ದುಡ್ಡು ಕೊಟ್ಟು ಪೇಂಟ್ ಮಾಡಿಸಿದೆ. ಮೆಟಾಲಿಕ್ ಬಣ್ಣ ನೋಡು, ಪಕ್ಕದ ಫೆಂಡರ್‌ಗೆ ಕೊನೇವರೆಗೂ ಹೊಂದಲಿಲ್ಲ. ಮದುವೆ ಫೋಟೋಗಳಲ್ಲೂ ಕಾಣುತ್ತೆ. ಆಮೇಲೆ ಮಾರೋಕೆ ಹೋದಾಗ ಕೊಳ್ಳೋನು ಬಾನೆಟ್ ಮೇಲೆ ಮೀಟರ್ ಇಟ್ಟು, ‘ಇಲ್ಲಿ ಪೇಂಟ್ ದಪ್ಪ ಇದೆ, ಆಕ್ಸಿಡೆಂಟ್ ಗಾಡಿ’ ಅಂತ ರೇಟ್ ಇಳಿಸಿದ. ಆ ಗಾಡಿ ಒಂದು ಸೈಕಲ್‌ಗೂ ತಾಗಿದ್ದಲ್ಲ. ದುಡ್ಡು ಹೋಗಲಿ. ನಮ್ಮವರೇ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ‘ಆಕ್ಸಿಡೆಂಟ್ ಮಾಡ್ಕೊಂಡು ಮುಚ್ಚಿಟ್ಟರಂತೆ’ ಅಂದ್ರು. ಯಾರು ಅಂತ ಹೆಸರು ಹೇಳಲ್ಲ, ಈ ಗ್ರೂಪಲ್ಲೇ ಇದ್ದಾರೆ. ನನ್ನನ್ನೇ ಒಂದು ಮಾತು ಕೇಳಬಹುದಿತ್ತು ಅಲ್ವಾ? ನಿಮ್ಮ ದೊಡ್ಡಮ್ಮ ಅವತ್ತು ಎಲೆ ಮುಂದಿಂದ ಎದ್ದು ಬಂದಳು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಇರಲಿ. ನೀನು ಕೇಳಿದ್ದು ಕಲೆ ಹೇಗೆ ತೆಗೀಲಿ ಅಂತ. ಗಾಡಿ ನೆರಳಲ್ಲಿ ನಿಲ್ಲಿಸು, ಬಾನೆಟ್ ಪೂರ್ತಿ ತಣ್ಣಗಾಗಲಿ. ಕಾರ್ ಶಾಂಪೂ ಹಾಕಿ ಮಣ್ಣೆಲ್ಲ ತೊಳಿ, ಧೂಳಿದ್ದ ಹಾಗೇ ಉಜ್ಜಿದ್ರೆ ಹೊಸ ಗೀರು ಬೀಳುತ್ತೆ. ಬಿಳಿ ವಿನೆಗರ್ ಅರ್ಧ, ಫಿಲ್ಟರ್ ನೀರು ಅರ್ಧ ಬೆರೆಸಿ ಮೆತ್ತನೆ ಬಟ್ಟೆ ಅದ್ದಿ ಕಲೆ ಮೇಲೆ ಒಂದು ನಿಮಿಷ ಇಡು. ಒಣಗೋಕೆ ಬಿಡಬೇಡ, ತೊಳೆದು ತಕ್ಷಣ ಮೈಕ್ರೋಫೈಬರ್ ಬಟ್ಟೇಲಿ ಒರೆಸು. ಕೊನೇ ನೀರು ಬೋರಿನದ್ದು ಬೇಡ, ಮತ್ತೆ ಅದೇ ಕಲೆ.

ಗೀರಿನ ಮೇಲೆ ಉಗುರು ಅಡ್ಡ ಎಳಿ. ಸಿಕ್ಕಿಕೊಂಡ್ರೆ ಅದು ಪಾಲಿಶ್‌ಗೆ ಹೋಗಲ್ಲ, ಪೇಂಟರ್‌ಗೆ ತೋರಿಸು. ಸಿಕ್ಕದಿದ್ರೆ ಕಾರ್ ಪಾಲಿಶ್ ತಂದು ಕೈಯಲ್ಲೇ ಸ್ಪಂಜಿಂದ ಹಚ್ಚು. ಮೆಷಿನ್ ಬೇಕೇ ಬೇಕು ಅಂದ್ರೆ ಡ್ಯುಯಲ್ ಆಕ್ಷನ್ ಪಾಲಿಶರ್ ತಗೋ, ಅದರ ಪ್ಯಾಡ್ ಸುತ್ತುತ್ತಾ ಅಲುಗಾಡುತ್ತೆ, ಒಂದೇ ಕಡೆ ಬಿಸಿ ಕಡಿಮೆ. ಫೋಮ್ ಪ್ಯಾಡ್ ಹಾಕು, ಕಡಿಮೆ ಸ್ಪೀಡಲ್ಲಿ ಶುರು ಮಾಡು, ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸು. ಒದ್ದೆ ನೆಲದಲ್ಲಿ ವೈರ್ ಎಳ್ಕೊಂಡು ನಿಲ್ಲಬೇಡ, ಕರೆಂಟ್ ಹೊಡೆಯುತ್ತೆ.

ಮೊದಲು ಒಂದು ಗೇಣು ಜಾಗ ಮಾತ್ರ ಮಾಡಿ ಫೋಟೋ ಹಾಕು. ಬಿಸಿಲಿಗೆ ತಂದು ತೆಗಿ, ನೆರಳಲ್ಲಿ ಗೀರು ಕಾಣಲ್ಲ.