ಬಲ್ಗೇರಿಯನ್ ಅನುವಾದ: 'ಟೈಮ್', 'ಅವರ್ಸ್' ಪದೇ ಪದೇ ರಿಜೆಕ್ಟ್ ಆಗ್ತಿದೆ

ಪಿಒ_ಪರದಾಟ: ಒಂದು ಸಾಫ್ಟ್‌ವೇರ್‌ನ ಪಿಒ ಫೈಲ್ (ಇಂಗ್ಲಿಷ್ ಸಾಲು, ಅದರ ಅನುವಾದ ಇರೋ ಫೈಲ್) ಬಲ್ಗೇರಿಯನ್‌ಗೆ ಮಾಡ್ತಿದ್ದೀನಿ, ಮೂರನೇ ಸಲ ವಾಪಸ್ ಬಂತು. ಟೈಮ್ = ವ್ರೆಮೆ, ಅವರ್ಸ್ = ಚಾಸೊವೆ. ನಿಘಂಟು ನೋಡಿಯೇ ಹಾಕಿದ್ದು. ರಿವ್ಯೂನಲ್ಲಿ 'ತಪ್ಪು' ಅಂತ ಒಂದೇ ಪದ. ತಲೆ ಕೆಟ್ಟಿದೆ.

ಗೆಟ್‌ಟೆಕ್ಸ್ಟ್_ಗೌಡ: ಹೆಡರ್ (ಫೈಲ್ ತಲೆಯಲ್ಲಿರೋ ಸೆಟ್ಟಿಂಗ್) ಸಮಸ್ಯೆ. ಸ್ಲಾವ್ ಭಾಷೆ ಅಂದ್ಮೇಲೆ ರಷ್ಯನ್ ಥರ ಬಹುವಚನ ಮೂರು ರೂಪ. ಎಷ್ಟು ರೂಪ ಅಂತ ಹೇಳೋ ಎನ್‌ಪ್ಲೂರಲ್ಸ್=3 ಮಾಡಿ.

ಪಿಒ_ಪರದಾಟ: ಮಾಡಿದೆ. ಮೂರನೇ ಡಬ್ಬಿಗೆ ಏನು ತುಂಬೋದು?

ಬಾಲ್ಕನ್_ಬುತ್ತಿ: ಏನೂ ಬೇಡ, ವಾಪಸ್ 2 ಮಾಡಿ. ಸೂತ್ರ (ಎನ್ != 1) ಅಷ್ಟೇ, ಅಂದ್ರೆ ಸಂಖ್ಯೆ 1 ಅಲ್ಲದಿದ್ರೆ ಎರಡನೇ ರೂಪ.

ಗೆಟ್‌ಟೆಕ್ಸ್ಟ್_ಗೌಡ: ಹಾಗಾದ್ರೆ 21ಕ್ಕೆ? ಏಕವಚನ ಬರಬೇಕಲ್ಲ?

ಬಾಲ್ಕನ್_ಬುತ್ತಿ: ಅದು ರಷ್ಯನ್‌ನಲ್ಲಿ ಸಾರ್. ಬಲ್ಗೇರಿಯನ್‌ನಲ್ಲಿ 21 ಚಾಸಾ. ಪರದಾಟ ಅವರೇ, ಬರೀ ಪದ ಕೊಟ್ಟರೆ ಹೇಗೆ? ಪೂರ್ತಿ ಸಾಲು ಹಾಕಿ.

ಪಿಒ_ಪರದಾಟ: ಗೊತ್ತಿರುತ್ತೆ ಅಂದ್ಕೊಂಡೆ. '%ಡಿ ಅವರ್ಸ್', '%ಡಿ ಅವರ್ಸ್ ಅಗೊ', 'ಟೈಮ್: %ಎಸ್', 'ರಿಟ್ರೈಡ್ %ಡಿ ಟೈಮ್ಸ್'. %ಡಿ ಜಾಗಕ್ಕೆ ಸಂಖ್ಯೆ, %ಎಸ್ ಜಾಗಕ್ಕೆ ಪಠ್ಯ ಬರುತ್ತೆ. ಕೊನೆಯದಕ್ಕೆ ವ್ರೆಮೆನಾ (ವ್ರೆಮೆಯ ಬಹುವಚನ) ಹಾಕಿದ್ದೀನಿ.

ಬಾಲ್ಕನ್_ಬುತ್ತಿ: ಅಲ್ಲೇ ಇರೋದು ಎಡವಟ್ಟು. ಸಂಖ್ಯೆಯ ಪಕ್ಕ ನಿಂತ ನಿರ್ಜೀವ ಪುಲ್ಲಿಂಗ ಪದಕ್ಕೆ ಬಹುವಚನ ಅಲ್ಲ, ಬೇರೆಯೇ ಎಣಿಕೆ ರೂಪ: 5 ಚಾಸಾ (ಗಂಟೆ), 3 ಮೆಸೆತ್ಸಾ (ತಿಂಗಳು). ನ್ಯಾಕೊಲ್ಕೊ (ಕೆಲವು) ಬಂದರೂ ಚಾಸಾ. ಮ್ನೊಗೊ (ತುಂಬಾ) ಬಂದರೆ ಚಾಸೊವೆ. ಕಾಲಂ ತಲೆಬರಹಕ್ಕೂ ಚಾಸೊವೆಯೇ. ಅದಕ್ಕೇ ಎರಡೂ ಕಡೆ ಒಂದೇ ಸ್ಟ್ರಿಂಗ್ (ಸಾಲು) ಬಳಸಬೇಡಿ, ಕಾಂಟೆಕ್ಸ್ಟ್ (ಎಲ್ಲಿ ಬರೋದು ಅನ್ನೋ ಗುರುತು) ಕೊಟ್ಟು ಬೇರೆ ಬೇರೆ ಮಾಡಿ. ನಿಮಿಷ, ವಾರ, ವರ್ಷ ಸ್ತ್ರೀಲಿಂಗ. ಮಾಮೂಲಿ ಬಹುವಚನ ಸಾಕು. ದಿನಕ್ಕೆ ದ್ನಿ, ದೆನಾ ಎರಡೂ ನಡೆಯುತ್ತೆ, ಫೈಲ್ ಪೂರ್ತಿ ಒಂದೇ ಇರಲಿ.

'ಅಗೊ'ಗೆ ಪ್ರೆದಿ, ಅದು ಸಂಖ್ಯೆಗಿಂತ ಮೊದಲೇ ಬರುತ್ತೆ: ಪ್ರೆದಿ 2 ಚಾಸಾ. ಇದೇ ಸಾಲಿಗೆ 'ಎರಡು ಗಂಟೆಗೆ ಮುಂಚೆ' ಅನ್ನೋ ಅರ್ಥವೂ ಇದೆ. ಗಡಿಯಾರದ ಸಮಯ ಹೇಳೋದಾದ್ರೆ 14:00 ಅಂತ ಅಂಕಿಯಲ್ಲೇ ಬರೆಯಿರಿ.

ವ್ರೆಮೆ ಅಂದ್ರೆ ಹವಾಮಾನವೂ ಹೌದು. 15:30 ತೋರಿಸೋ ಲೇಬಲ್‌ಗೆ 'ಚಾಸ್' ಹಾಕಿ. 'ಟೈಮ್ಸ್' ಅಂದ್ರೆ ಇಲ್ಲಿ ಸಲ: 3 ಪತಿ. ಎಣಿಕೆ ರೂಪ ಅಂತ ಪತ್ಯಾ ಮಾಡಿದ್ರೆ ಮೂರು ರಸ್ತೆ ಆಗುತ್ತೆ.

ನಾಡಿದ್ದು_ನೋಡಣ: ಮೂರು ಪತಿ! ಬೇರೆ ಮಾತು: 'ಡೇ ಆಫ್ಟರ್ ಟುಮಾರೊ' ಇದ್ರೆ ಪದ ಪದ ಜೋಡಿಸಬೇಡಿ. ನಮ್ಮ ನಾಡಿದ್ದು ಅವರ ವ್ದ್ರುಗಿದೆನ್, ಮೊನ್ನೆ ಅಂದ್ರೆ ಓನ್ಝಿ ದೆನ್. ಕನ್ನಡದಿಂದ ಹೋದ್ರೆ ಸಲೀಸು.

ಗೆಟ್‌ಟೆಕ್ಸ್ಟ್_ಗೌಡ: ಪತಿಯ ಮೊದಲ ಸ್ವರ ಟೈಪ್ ಮಾಡೋಕೆ ಫೊನೆಟಿಕ್ ಲೇಔಟ್‌ನಲ್ಲಿ (ಇಂಗ್ಲಿಷ್ ಕೀಗಳ ಉಚ್ಚಾರಕ್ಕೆ ಹೊಂದಿಸಿದ ಕೀಬೋರ್ಡ್ ಜೋಡಣೆ) ವೈ ಕೀ. ನನ್ನದು ಮೆಕ್ಯಾನಿಕಲ್ ಬೋರ್ಡ್, ಸಿರಿಲಿಕ್ (ಬಲ್ಗೇರಿಯನ್ ಲಿಪಿ) ಕೀಕ್ಯಾಪ್.

ನಾಡಿದ್ದು_ನೋಡಣ: ಯಾವ ಫೊನೆಟಿಕ್? ಹಳೆಯದರಲ್ಲಿ ಡಬ್ಲ್ಯೂ ಒತ್ತಿದ್ರೆ 'ವ', ಹೊಸದರಲ್ಲಿ 'ಶ'. ವಿಂಡೋಸ್‌ನಲ್ಲಿ ಎರಡೂ ಇವೆ.

ಗೆಟ್‌ಟೆಕ್ಸ್ಟ್_ಗೌಡ: ಹಳೆಯದೇ ಸರಿ.

ನಾಡಿದ್ದು_ನೋಡಣ: ಸರಿ ಅಂತ ಯಾರು ಹೇಳಿದ್ರು?

ಪಿಒ_ಪರದಾಟ: ಚಾಸಾ, ಪತಿ ಪಾಸ್! ಈಗ 'ಬೈ ಫ್ರೈಡೆ', 'ಅಂಟಿಲ್ ಫ್ರೈಡೆ' ಎರಡಕ್ಕೂ ದೊ ಪೆತಕ್ (ಶುಕ್ರವಾರದವರೆಗೆ) ಹಾಕಿದ್ದೆ, ಮೊದಲನೆಯದು ವಾಪಸ್ ಬಂತು.

ಬಾಲ್ಕನ್_ಬುತ್ತಿ: ಅದು ಗಡುವು. ನಾಯ್-ಕಸ್ನೊ ದೊ ಪೆತಕ್. ತಡ ಅಂದ್ರೂ ಶುಕ್ರವಾರದೊಳಗೆ ಅನ್ನೋ ಹಾಗೆ.

ಗೆಟ್‌ಟೆಕ್ಸ್ಟ್_ಗೌಡ: ಕೀಕ್ಯಾಪ್ ಫೋಟೋ ಹಾಕ್ತೀನಿ, ಇರಿ.