ಹಳೆ ಸ್ಪ್ಲೆಂಡರ್‌ಗೆ ಮೊಬೈಲ್ ಚಾರ್ಜರ್, ಎಕ್ಸ್‌ಟ್ರಾ ಲೈಟ್ ಹಾಕೂದು ಹೇಗೆ? ಮಳೆ ಹಿಡಿಯೂದ್ರೊಳಗೆ ಮುಗಿಸ್ಬೇಕು

ಶಿರಸಿ ಸ್ಪ್ಲೆಂಡರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 2014ರ ಸ್ಪ್ಲೆಂಡರ್ ಪ್ಲಸ್ ಅದೆ, ಕಿಕ್ಕರ್ ಮಾಡೆಲ್, ಸೆಲ್ಫ್ ಇಲ್ಲ. ಮನೆ ಶಿರಸಿ ಹತ್ರ, ಕೆಲಸದ ಮೇಲೆ ವಾರಕ್ಕೆ ಎರಡು ಸಲ ಆದ್ರೂ ಕುಮಟಾಕ್ಕೆ ಹೋಗಿ ಬರ್ಬೇಕು, ದೇವಿಮನೆ ಘಟ್ಟ ವಾಪಸ್ ಹತ್ತುವಾಗ ಯಾವಾಗ್ಲೂ ಕತ್ತಲೆ. ಎರಡು ತೊಂದರೆ. ಒಂದು, ಘಟ್ಟದಲ್ಲಿ ಫೋನು ಸಿಗ್ನಲ್ ಹುಡುಕಿ ಹುಡುಕಿ ಚಾರ್ಜೇ ಖಾಲಿ, ಮನೆಗೆ ಒಂದು ಫೋನ್ ಮಾಡೂಕೂ ಆಗೂದಿಲ್ಲ, ಅಮ್ಮ ಜಗಲಿ ಮೇಲೆ ಕೂತು ಕಾಯ್ತಾ ಇರ್ತಾಳೆ. ಇನ್ನೊಂದು, ಏರಿನಲ್ಲಿ ಎರಡನೇ ಗೇರಿಗೆ ಬಂದಾಗ ಹೆಡ್‌ಲೈಟ್ ಹಳದಿ ಆಗಿ ಚಿಮಣಿ ಬುಡ್ಡಿ ತರ ಆಗ್ತದೆ, ತಿರುವಿನಲ್ಲಿ ಎದುರು ಬಸ್ ಬಂದ್ರೆ ರಸ್ತೆ ಅಂಚೇ ಕಾಣೂದಿಲ್ಲ.

ಹೋದ ತಿಂಗಳು ಒಂದು ಅಂಗಡಿಲಿ ಯುಎಸ್‌ಬಿ ಚಾರ್ಜರ್ ಹಾಕಿಸಿದೆ. ಅವ್ರು ಸೀದಾ ಬ್ಯಾಟರಿಗೆ ಕೊಟ್ಟು ಟೇಪ್ ಸುತ್ತಿ ಕಳಿಸಿದ್ರು. ಆಮೇಲೆ ಒಂದು ಮದುವೆ ಮನೆ ಅಂತ ಆರು ದಿನ ಬೈಕ್ ತೆಗೀಲಿಲ್ಲ, ಬಂದು ನೋಡಿದ್ರೆ ಹಾರ್ನ್ ಇಲ್ಲ ಇಂಡಿಕೇಟರ್ ಇಲ್ಲ, ಕಿಕ್ಕಿಗೆ ಗಾಡಿ ಮಾತ್ರ ಸ್ಟಾರ್ಟ್ ಆಯ್ತು. ಬ್ಯಾಟರಿ ಮೇಲೆ 12 ವೋಲ್ಟ್ 2.5 ಎಎಚ್ ಅಂತ ಬರ್ದದೆ. ಬ್ಯಾಟರಿ ಹೋಯ್ತಾ, ವೈರಿಂಗ್ ತಪ್ಪಾ ಗೊತ್ತಾಗ್ತಾ ಇಲ್ಲ.

ಹೆಡ್‌ಲೈಟಿಗೆ ಬಿಳಿ ಎಲ್‌ಇಡಿ ಬಲ್ಬ್, ಜೊತೆಗೆ ಜೋರು ಹಾರ್ನು ಹಾಕ್ವ ಅಂತ ಅಂದ್ಕೊಂಡಿದ್ದೇನೆ. ಬಜೆಟ್ ಎಂಟ್ನೂರು ರೂಪಾಯಿ. ನಾನೇ ಕೂತು ಮಾಡ್ತೇನೆ, ಮನೇಲಿ ಸ್ವಿಚ್ ಬೋರ್ಡ್ ಬದಲಾಯಿಸುವಷ್ಟು ಗೊತ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೈತಖೋಲ ವೈರಿಂಗ್:

ನಾನು ಕಾರವಾರದವ, ಬೈತಖೋಲ ಬಂದರದಲ್ಲಿ ದೋಣಿಗಳ ಲೈಟು, ಬ್ಯಾಟರಿ ಕೆಲಸ ಮಾಡುದು. ಅಲ್ಲೂ 12 ವೋಲ್ಟೇ, ಅದಕ್ಕೇ ಬರೀತಾ ಇದ್ದೇನೆ.

ಮೊದಲು ನಿಮ್ಮ ಬ್ಯಾಟರಿ ಲೆಕ್ಕ ನೋಡಿ. ವೋಲ್ಟೇಜ್ ತೋರಿಸುವ ಕೆಂಪು ಅಂಕಿ ಇರುವ ಚಾರ್ಜರ್ ಆದ್ರೆ ಫೋನ್ ಸಿಕ್ಕಿಸದೇ ಇದ್ರೂ ಅದು ಕರೆಂಟ್ ತಿಂತಾ ಇರ್ತದೆ. ನಾನು ಒಂದಕ್ಕೆ ಮೀಟರ್ ಇಟ್ಟು ನೋಡಿದಾಗ 18 ಮಿಲಿ ಆಂಪ್ ಬಂತು. ನಿಮ್ಮ 2.5 ಎಎಚ್ ಅಂದ್ರೆ 2500 ಮಿಲಿ ಆಂಪ್ ಅವರ್, 18ರಿಂದ ಭಾಗಿಸಿದ್ರೆ 139 ಗಂಟೆ, ಅಂದ್ರೆ ಆರು ದಿನಕ್ಕಿಂತ ಸ್ವಲ್ಪ ಕಡಿಮೆ. ಹೊಸ ಬ್ಯಾಟರಿ ಆದ್ರೂ ಹೀಗೇ ಆಗ್ತಿತ್ತು. ಹೊರಗೆ ನಿಧಾನಕ್ಕೆ ಚಾರ್ಜ್ ಮಾಡ್ಸಿ, ಒಂದು ರಾತ್ರಿ ಬಿಟ್ಟು ಅಳೀರಿ, 12.5 ವೋಲ್ಟ್ ಮೇಲೆ ನಿಂತ್ರೆ ಬ್ಯಾಟರಿ ಉಳ್ದದೆ ಅಂತ ಲೆಕ್ಕ.

ಚಾರ್ಜರಿಗೆ ಕರೆಂಟು ಕೀ ಆನ್ ಆದ್ಮೇಲೆ ಬರುವ ವೈರಿಂದ ತಗೊಳ್ಳಿ. ಸ್ಪ್ಲೆಂಡರಲ್ಲಿ ಅದು ಕಪ್ಪು, ಹಸಿರು ಅರ್ತ್, ಕೆಂಪು ಸೀದಾ ಬ್ಯಾಟರಿ. ಮನೆ ವೈರಿಂಗ್ ಮಾಡಿದವರು ಇಲ್ಲೇ ಎಡವುದು, ಕಪ್ಪು ಕಂಡ ಕೂಡ್ಲೇ ನ್ಯೂಟ್ರಲ್ ಅಂತ ತಿಳೀತಾರೆ. ಬೇರೆ ಕಂಪನಿ ಗಾಡಿಲಿ ಬಣ್ಣವೂ ಬೇರೆ, ಹಾಗಾಗಿ ಬಣ್ಣ ನಂಬ್ಬೇಡಿ, ಇನ್ನೂರು ಮುನ್ನೂರು ರೂಪಾಯಿಗೆ ಡಿಜಿಟಲ್ ಮೀಟರ್ ಸಿಗ್ತದೆ, ಕೀ ಆನ್ ಮಾಡಿ 12 ತೋರಿಸ್ಬೇಕು, ಆಫ್ ಮಾಡಿದ್ರೆ ಸೊನ್ನೆ ಆಗ್ಬೇಕು. ತಗೊಂಡ ಜಾಗದಿಂದ ಒಂದು ಗೇಣಿನೊಳಗೇ ಫ್ಯೂಸ್ ಹೋಲ್ಡರ್ ಬರ್ಬೇಕು, ಚಾರ್ಜರ್ ಒಂದಕ್ಕೇ ಆದ್ರೆ 2 ಆಂಪ್ ಸಾಕು. ಫ್ಯೂಸ್ ಇರುದು ವೈರ್ ಸುಡದೇ ಇರ್ಲಿ ಅಂತ, ಆ ಕಡೆ ತುದೀಲಿ ಚಾರ್ಜರ್ ಪಕ್ಕ ಹಾಕಿದ್ರೆ ನಡುವಿನ ವೈರು ಹ್ಯಾಂಡಲ್ ಹತ್ರ ತಿಕ್ಕಿ ಶಾರ್ಟ್ ಆದಾಗ ಕಾಯುದು ಯಾರು?

ಇನ್ನು ಜಾಯಿಂಟು. ನಮ್ಮ ಕಡೆ ವಸ್ತು ಹಾಳಾಗುದಕ್ಕಿಂತ ಜಾಯಿಂಟ್ ಹಾಳಾಗುದೇ ಜಾಸ್ತಿ. ಟೇಪಿನ ಅಂಟು ಒಂದು ಮಳೆಗಾಲಕ್ಕೆ ಬಿಡ್ತದೆ, ಒಳಗೆ ನೀರು ನಿಂತು ತಾಮ್ರಕ್ಕೆ ಹಸಿರು ಕಿಲುಬು ಹಿಡೀತದೆ, ಕಿಲುಬು ವೈರಿನ ಒಳಗೊಳಗೇ ಮೇಲೆ ಹೋಗ್ತದೆ, ಮೇಲಿನ ಪ್ಲಾಸ್ಟಿಕ್ ನೋಡಿದ್ರೆ ಹೊಸದರ ಹಾಗೆ ಇರ್ತದೆ. ಕಡಲ ಬದಿಗೆ ಉಪ್ಪು ಗಾಳಿ ಬೇರೆ. ದೋಣೀಲಿ ನಾವು ತವರ ಹಚ್ಚಿದ ತಾಮ್ರದ ವೈರ್ ಹಾಕುದು ಅದಕ್ಕೇ, ಸಿಕ್ಕಿದ್ರೆ ನೀವೂ ಅದನ್ನೇ ತಗೊಳ್ಳಿ, ಇಲ್ಲಾಂದ್ರೆ 1 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ಸಾಕು. ವೈರ್ ತುದಿಗೆ ಲಗ್ (ಲೋಹದ ಸಣ್ಣ ಟೋಪಿ) ಹಾಕಿ ಪ್ರೆಸ್ ಮಾಡಿ, ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಅಂದ್ರೆ ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗುವ ಕೊಳವೆ. ಬರೀ ಸೋಲ್ಡರ್ ಮಾಡಿದ್ರೆ ಸೀಸ ಏರಿದ ಜಾಗ ಗಟ್ಟಿ ಆಗಿ ಬೈಕಿನ ನಡುಕಕ್ಕೆ ಅದರ ಅಂಚಲ್ಲೇ ತುಂಡಾಗ್ತದೆ, ಮಾಡುದಾದ್ರೆ ಆ ಜಾಗ ಅಲ್ಲಾಡದ ಹಾಗೆ ಕಟ್ಟಿ. ಸ್ಲೀವ್ ಇಲ್ಲ ಅಂದ್ರೆ ಜಾಯಿಂಟಿಗೆ ವ್ಯಾಸಲೀನ್ ಹಚ್ಚಿ ಟೇಪ್ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಏರಿಸಿ ಎರಡೂ ತುದಿ ಟೈ ಕಟ್ಟಿ.

ವೈರು ಚಾರ್ಜರಿಗೆ ಮೇಲಿಂದ ಇಳೀಬಾರದು, ಕೆಳಗೆ ಒಂದು ಬಳಸು ಹಾಕಿ ಮೇಲೆ ಹತ್ತಿಸಿ, ಆಗ ಮಳೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗ್ತದೆ. ಕಟ್ಟುವ ಮುಂಚೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೀತದಾ ನೋಡಿ.

ಎಕ್ಸ್‌ಟ್ರಾ ಲೈಟಿಗೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್) ಹಾಕಲೇಬೇಕು. ಅದರ ಕಾಲುಗಳಿಗೆ ನಂಬರ್ ಇರ್ತದೆ: 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಲೈಟು, 86ಕ್ಕೆ ಸ್ವಿಚ್ ಮೂಲಕ ಕೀ ವೈರು, 85 ಅರ್ತ್.

ಕುಮಟಾ ಗ್ಯಾರೇಜ್ ಹುಡುಗ:

ವೈರಿಂಗ್ ಅಣ್ಣ ಹೇಳಿದ್ದರಲ್ಲಿ ಒಂದು ಬಿಟ್ಟು ಎಲ್ಲ ಒಪ್ತೇನೆ. ಎಕ್ಸ್‌ಟ್ರಾ ಲೈಟಿಗೆ 10 ವ್ಯಾಟಿನ ಎಲ್‌ಇಡಿ ಹಾಕಿದ್ರೆ ರಿಲೇ ಎಂತಕ್ಕೆ? 10 ಭಾಗಿಸು 12, ಒಂದು ಆಂಪೂ ಬರೂದಿಲ್ಲ. ರಿಲೇ ಒಳಗಿನ ಕಾಯಿಲ್ಲೇ 150 ಮಿಲಿ ಆಂಪ್ ಹತ್ರ ತಿಂತದೆ, 2.5 ಎಎಚ್ ಬ್ಯಾಟರಿ ಇರುವವನಿಗೆ ಅದೂ ಲೆಕ್ಕವೇ. ಚಾರ್ಜರ್, ಲೈಟ್ ಎರಡೂ ಸೇರಿ 2 ಆಂಪ್ ಒಳಗೆ, 3 ಆಂಪ್ ಫ್ಯೂಸ್ ಹಾಕಿ ಅದೇ ಕಪ್ಪು ವೈರಿಂದ ತಗೊಳ್ಳಿ, ಒಂದು ಒಳ್ಳೆ ಸ್ವಿಚ್ ಇಡಿ. ಎರಡು ದೊಡ್ಡ ಹಾರ್ನ್ ಹಾಕುದಾದ್ರೆ ಮಾತ್ರ ರಿಲೇ ಬೇಕೇ ಬೇಕು.

ಈಗ ಹೆಡ್‌ಲೈಟ್ ವಿಷಯ, ಇದನ್ನ ಗಮನ ಇಟ್ಟು ಓದಿ. ನಿಮ್ಮ ಗಾಡಿಲಿ ಹೆಡ್‌ಲೈಟ್ ಬ್ಯಾಟರಿ ಮೇಲೆ ನಡಿಯೂದಿಲ್ಲ, ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿಂದ ಬರುವ ಎಸಿ ಮೇಲೆ ನಡೀತದೆ. ಇಂಜಿನ್ ಬಂದ್ ಮಾಡಿ ಕೀ ಆನ್ ಇಟ್ರೆ ಹೆಡ್‌ಲೈಟ್ ಹತ್ತೂದೇ ಇಲ್ಲ ಅಲ್ವಾ, ಅದೇ ಕಾರಣ. ಏರಿನಲ್ಲಿ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಬಿದ್ದ ಕೂಡ್ಲೇ ಮಂಕಾಗುದೂ ಅದಕ್ಕೇ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ 10 ಪರ್ಸೆಂಟ್ ಕಡಿಮೆ ಆದ್ರೆ ಬೆಳಕು ಸುಮಾರು 30 ಪರ್ಸೆಂಟ್ ಕಡಿಮೆ ಆಗ್ತದೆ. ಡಿಸಿಗೆ ಅಂತ ಮಾಡಿದ ಎಲ್‌ಇಡಿ ಬಲ್ಬ್ ಇದಕ್ಕೆ ಹಾಕಿದ್ರೆ ಪಟಪಟ ಮಿನುಗ್ತದೆ, ಕೆಲವು ಒಂದೇ ವಾರಕ್ಕೆ ಹೋಗ್ತವೆ. ಪೂರ್ತಿ ಡಿಸಿ ಮಾಡ್ಬೇಕು ಅಂದ್ರೆ ಕಾಯಿಲ್ಲಿನ ಅರ್ತ್ ಬಿಚ್ಚಿ ಬೇರೆ ರೆಗ್ಯುಲೇಟರ್ ಹಾಕ್ಬೇಕು, ಅದು ಎಂಟ್ನೂರರ ಕೆಲಸ ಅಲ್ಲ, ನೀವು ಮನೇಲಿ ಕೂತು ಮಾಡುದೂ ಬೇಡ. 55 ವ್ಯಾಟಿನ ಬಲ್ಬ್ ಹಾಕಿ ಅಂತ ಹೇಳುವವರೂ ಇದ್ದಾರೆ, ಕೇಳ್ಬೇಡಿ. ಕಾಯಿಲ್ ಕೊಡುದು 35 ವ್ಯಾಟಿನ ಲೆಕ್ಕಕ್ಕೆ, ಬೆಳಕು ಇನ್ನೂ ಕಡಿಮೆ ಆಗ್ತದೆ, ಹೋಲ್ಡರ್ ಕರಗುದು ಒಂದೇ ಲಾಭ.

ನಮ್ಮಲ್ಲಿ ಬರುವ ಹಳೆ ಗಾಡಿಗಳಲ್ಲಿ ಅರ್ಧಕ್ಕರ್ಧ ಲೈಟ್ ಕಂಪ್ಲೇಂಟು ಸ್ವಚ್ಛ ಮಾಡಿದ್ರೇ ಸರಿ ಆಗ್ತದೆ. ಹೆಡ್‌ಲೈಟ್ ಬಿಚ್ಚಿ ಒಳಗಿನ ಹಸಿರು ವೈರಿನ ಸಾಕೆಟ್ಟು, ಬಲ್ಬ್ ಹೋಲ್ಡರಿನ ಕಾಲು, ಚಾಸಿಗೆ ಬೋಲ್ಟ್ ಹಾಕಿದ ಅರ್ತ್, ಡಿಮ್ ಡಿಪ್ ಸ್ವಿಚ್ ಎಲ್ಲ ಸಣ್ಣ ಪಾಲಿಶ್ ಪೇಪರಲ್ಲಿ ತಿಕ್ಕಿ. ಬಲ್ಬ್ ಕಪ್ಪಾಗಿದ್ರೆ ಅದೇ 35/35 ವ್ಯಾಟಿನ ಹೊಸದು ಹಾಕಿ, ಗಾಜು ಬೆರಳಲ್ಲಿ ಮುಟ್ಬೇಡಿ.

ಬೈತಖೋಲ ವೈರಿಂಗ್:

10 ವ್ಯಾಟಿಗೆ ರಿಲೇ ಬೇಡ ಅನ್ನುದು ಸರಿ ತಮ್ಮ, ನನಗೆ ದೋಣಿಯ ದೊಡ್ಡ ಲೈಟಿನ ರೂಢಿ. ಆದ್ರೆ ಸ್ವಿಚ್ಚು ನೀರು ಒಳಗೆ ಹೋಗದ ರಬ್ಬರ್ ಟೋಪಿ ಇರುವಂಥದ್ದೇ ಆಗ್ಬೇಕು, ಇಲ್ಲಾಂದ್ರೆ ಆಗಸ್ಟಲ್ಲಿ ಮತ್ತೆ ಬಿಚ್ಚುದೇ.

ಸಿದ್ದಾಪುರ ತೋಟ:

ನಾನು ಈ ಕಡೆ ಘಟ್ಟದಲ್ಲಿ 30 ವರ್ಷದಿಂದ ಬೈಕ್ ಓಡಿಸ್ತಾ ಇದ್ದೇನೆ, ಹುಡುಗರು ವೈರಿಂಗ್ ಚೊಲೋ ಹೇಳಿದ್ದಾರೆ, ನಾನು ಲೈಟ್ ಇಡುವ ಜಾಗ ಹೇಳ್ತೆ. ಎಕ್ಸ್‌ಟ್ರಾ ಲೈಟ್ ಹ್ಯಾಂಡಲ್ ಮೇಲೆ ಬೇಡ. ಮಂಜು ಬಿದ್ದಾಗ ಎತ್ತರದ ಲೈಟು ಕಣ್ಣೆದುರು ಬಿಳಿ ಗೋಡೆ ಕಟ್ತದೆ. ಕೆಳಗೆ, ಇಂಜಿನ್ ಗಾರ್ಡಿಗೆ ಹಾಕಿ, ಎಡ ಅಂಚು ಕಾಣೂ ಹಂಗೆ ಸ್ವಲ್ಪ ಎಡಕ್ಕೆ ತಿರುಗಿಸಿ. ಹಳದಿ ಬೇಕೋ ಬಿಳಿ ಬೇಕೋ ಅಂತ ಜನ ರಾಶಿ ಚರ್ಚೆ ಮಾಡ್ತಾರೆ, ನನ್ನ ಅನುಭವದಲ್ಲಿ ಬಣ್ಣಕ್ಕಿಂತ ಎತ್ತರ ಮುಖ್ಯ. ಹೆಡ್‌ಲೈಟನ್ನೂ ನೋಡಿ: ಗೋಡೆಯಿಂದ ಐದು ಮೀಟರ್ ದೂರ ಸಪಾಟು ಜಾಗದಲ್ಲಿ ಒಬ್ಬರು ಬೈಕ್ ಮೇಲೆ ಕೂತ್ಕಂಡು ಡಿಮ್ ಹಾಕಿ, ಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ ನಾಲ್ಕು ಬೆರಳಾದ್ರೂ ಕೆಳಗಿರಲಿ. ಎದುರು ಬರೋನಿಗೂ ಮನೆಲ್ಲಿ ಕಾಯೋರು ಇದ್ದಾರೆ ಮಾರಾಯ, ಅವನ ಕಣ್ಣು ಕುಕ್ಕಬಾರದು.

ಹಾರ್ನ್ ಆಸೆ ಬಿಡು. ಬೇರೆ ಬೇರೆ ಸ್ವರ ಬರುವಂಥದ್ದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ನಿಷೇಧ, ಮತ್ತೆ ನಿನ್ನ ಬ್ಯಾಟರಿ ಅದನ್ನ ತಡ್ಕಳ್ಳೂದಿಲ್ಲ.

ದುಡ್ಡು ಉಳಿದ್ರೆ ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೆ ಟ್ಯೂಬಿನ ರಬ್ಬರ್ ಪಟ್ಟಿ ಕೊಯ್ದು ಎರಡು ಬೋಲ್ಟ್ ಹಾಕು, ಕೆಸರು ಇಂಜಿನ್ನಿಗೆ, ಪ್ಲಗ್ಗಿಗೆ ಹೊಡೆಯೂದು ನಿಲ್ತದೆ. ಪ್ಲಗ್ ಕ್ಯಾಪ್ ಸಡಿಲ ಆಗಿದ್ರೆ ಹೊಸದು ಹಾಕ್ಸು, ಜಡಿ ಮಳೆಯಲ್ಲಿ ಘಟ್ಟದ ನಡುವೆ ಗಾಡಿ ಕೆಮ್ಮೂದು ಬಹಳ ಸಲ ಅದರಿಂದ್ಲೇ. ಫೋನು ಹ್ಯಾಂಡಲ್ ಹೋಲ್ಡರಿಗೆ ಹಾಕೂದು ಬೇಡ, ಇಂಜಿನ್ ನಡುಕಕ್ಕೆ ಕ್ಯಾಮೆರಾ ಹಾಳಾಗ್ಬಹುದು ಅಂತ ಆಪಲ್ ಕಂಪನಿಯವರೇ 2021ರಲ್ಲಿ ಹೇಳಿದ್ದಾರೆ. ಟ್ಯಾಂಕ್ ಮೇಲೆ ಸಣ್ಣ ಚೀಲ ಕಟ್ಟಿ ಅದರೊಳಗೆ ಚಾರ್ಜಿಗೆ ಇಡು.

ಶಿರಸಿ ಸ್ಪ್ಲೆಂಡರ್:

ಎಲ್ಲರಿಗೂ ರಾಶಿ ಥ್ಯಾಂಕ್ಸ್. ಭಾನುವಾರ ಪೂರ್ತಿ ಕೂತು ಮಾಡಿದೆ. ಅಂಗಡಿಯವರ ಟೇಪ್ ಬಿಚ್ಚಿದ್ರೆ ಒಳಗೆ ಹಸಿರು ಪುಡಿ, ಒಂದೇ ತಿಂಗಳಿಗೆ! ಒಟ್ಟು ಖರ್ಚು 760 ರೂಪಾಯಿ, ಮೀಟರ್ ಸೇರಿ. ಬ್ಯಾಟರಿ ಚಾರ್ಜ್ ಮಾಡ್ಸಿ ರಾತ್ರಿ ಬಿಟ್ಟಿದ್ದೆ, 12.6 ನಿಂತಿದೆ. ಇಂಜಿನ್ ಎಳ್ದಾಗ 14.1. ಆದ್ರೆ ಚಾರ್ಜರ್, ಲೈಟ್ ಎರಡೂ ಹಾಕಿ ಸ್ಲೋ ಬಿಟ್ಟು ಬ್ರೇಕ್ ಒತ್ತಿದ್ರೆ 12.1ಕ್ಕೆ ಇಳೀತದೆ, ಇದು ಸರಿಯಾ?

ಹೆಡ್‌ಲೈಟಿನ ಅರ್ತ್ ಬೋಲ್ಟು ಪೂರ್ತಿ ತುಕ್ಕು ಹಿಡ್ದಿತ್ತು, ಅದನ್ನ ತಿಕ್ಕಿದ್ಮೇಲೆ ಲೈಟು ಕಣ್ಣಿಗೆ ಕಾಣುವಷ್ಟು ಬದಲಾಯ್ತು. ನಿನ್ನೆ ರಾತ್ರಿ ಘಟ್ಟ ಹತ್ತಿ ಬಂದೆ, ತಿರುವಿನಲ್ಲಿ ಎಡಗಡೆ ಬಿಳಿ ಪಟ್ಟಿ, ಗಟಾರ ಎರಡೂ ಸ್ಪಷ್ಟ ಕಾಣ್ತಿತ್ತು. ಮೇಲೆ ಬಂದು ಮನೆಗೆ ಫೋನ್ ಮಾಡಿದೆ, 64 ಪರ್ಸೆಂಟ್ ಚಾರ್ಜ್ ಇತ್ತು.

ಕುಮಟಾ ಗ್ಯಾರೇಜ್ ಹುಡುಗ:

ಸ್ಲೋದಲ್ಲಿ ಇಳಿಯುದು ಸಹಜ, ಈ ಗಾಡಿ ಚಾರ್ಜಿಂಗ್ ಸಣ್ಣದು. ಎರಡೂ ಸೇರಿ 20 ವ್ಯಾಟ್, ಅಂದ್ರೆ 1.7 ಆಂಪ್, ಬ್ಯಾಟರಿ ಒಂದೇ ಹೊತ್ರೆ ಒಂದೂವರೆ ಗಂಟೆ ಲೆಕ್ಕ. ಏರಿನಲ್ಲಿ ಲೈಟ್ ಹಾಕಿದಾಗ ಚಾರ್ಜರ್ ಬಂದ್ ಮಾಡಿ, ದೇವಿಮನೆ ದಾಟಿ ಗಾಡಿ ಸ್ಪೀಡ್ ಹಿಡಿದ್ಮೇಲೆ ಫೋನ್ ಹಾಕಿ. ವಾರಕ್ಕೊಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮೀಟರ್ ಹಿಡೀರಿ, 12.3 ಕೆಳಗೆ ಬಂದ್ರೆ ಇಲ್ಲಿ ಬರೀರಿ.