ಹಿಂಡಿ ಚೀಲ ಹೊರೋಕೆ 800 ಸಿಸಿ ಸಾಕಾ, 2,500 ಬೇಕಾ?

ಪ್ರಶ್ನೆ, ಅಣ್ಣಿಗೇರಿಯಿಂದ

ಎಲ್ಲರಿಗೂ ನಮಸ್ಕಾರ ರೀ. ಅಣ್ಣಿಗೇರಿಯಲ್ಲಿ ನಮ್ಮದು ಹಿಂಡಿ-ಬೂಸಾ ಅಂಗಡಿ. ಹಳೆಯ ಟಾಟಾ ಏಸ್ ಕೊಟ್ಟು ಹೊಸ ಪಿಕಪ್ ತಗೊಳ್ಳಬೇಕು ಅಂತಿದ್ದೇವೆ. ಮನೆಯಲ್ಲಿ ಮೂರು ಮಾತು. ಆವರೇಜ್ ಕೊಡೋ 800 ಸಿಸಿಯ ಸಣ್ಣ ಎಂಜಿನ್ ಸಾಕು ಅಂತ ಅಪ್ಪ. ಅಣ್ಣನಿಗೆ 2.5 ಲೀಟರಿನ, ಅಂದರೆ 2,500 ಸಿಸಿಯ ಬೊಲೆರೊ ಪಿಕಪ್ಪೇ ಆಗಬೇಕು. ನನಗೆ ನಡುವಿನ 1.5 ಲೀಟರ್ ಸರಿ ಅನ್ನಿಸುತ್ತದೆ, ಆದರೆ ಯಾಕೆ ಅಂತ ಕೇಳಿದರೆ ಹೇಳೋಕೆ ಬರುವುದಿಲ್ಲ. ಹುಬ್ಬಳ್ಳಿಯಿಂದ ಮಾಲು ತರುವುದು, ನವಲಗುಂದ ಕಡೆಯ ಹಳ್ಳಿಗಳಿಗೆ ಮುಟ್ಟಿಸುವುದು, ಇದು ದಿನದ ಕೆಲಸ. ಸೀಸನ್ನಿನಲ್ಲಿ ಊರಿನವರ ಮೆಣಸಿನಕಾಯಿ ಬ್ಯಾಡಗಿಗೆ, ಉಳ್ಳಾಗಡ್ಡಿ ಹುಬ್ಬಳ್ಳಿ ಎಪಿಎಂಸಿಗೆ. ಓಡಿಸಿದವರು ಹೇಳಿ.

ನವಲಗುಂದ, ರೈತ

ನಿಮ್ಮ ಅಪ್ಪ ಹೇಳುವುದು ಸರಿ ಇದೆ. ನಿಮ್ಮಿಂದ ನಮ್ಮ ತನಕ ಎಲ್ಲಾ ಬಯಲು. ಏರು ಅಂತ ಸಿಗುವುದು ಹಳ್ಳದ ಸೇತುವೆ ಮಾತ್ರ. ನನ್ನದು ಎರಡು ಸಿಲಿಂಡರಿನ, ಒಂದು ಟನ್ನಿನ ಗಾಡಿ. ಲೀಟರ್‌ಗೆ 18ರ ಆಸುಪಾಸು ಕೊಡುತ್ತದೆ. ನಿಂತಾಗ ಗಡಗಡ ಅನ್ನುತ್ತದೆ, ಗೇರ್ ಮೇಲೆ ಕೈ ಇಟ್ಟರೆ ಮೊಣಕೈ ತನಕ ನಡುಗುತ್ತದೆ. ಅಷ್ಟು ತಡೆದುಕೊಂಡರೆ ಆಯಿತು.

ಇನ್ನು ಮಳೆಗಾಲದ ಎರೆಹೊಲದ ದಾರಿಗೆ ದೊಡ್ಡ ಎಂಜಿನ್ನೇ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರೆಮಣ್ಣು ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಗಾಲಿ ನುಣ್ಣಗಾಗುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಹೋಗದಷ್ಟು ಮೆತ್ತಿಕೊಳ್ಳುತ್ತದೆ. ಆಮೇಲೆ 800 ಸಿಸಿ ಆದರೂ ಅಷ್ಟೆ, 2,500 ಆದರೂ ಅಷ್ಟೆ, ಗಾಲಿ ನಿಂತಲ್ಲೇ ತಿರುಗುತ್ತದೆ. ಖಾಲಿ ಗಾಡಿ ಇನ್ನೂ ಬೇಗ ಸಿಕ್ಕಿಬೀಳುತ್ತದೆ, ಹಿಂದಿನ ಗಾಲಿ ಮೇಲೆ ಭಾರ ಇರುವುದಿಲ್ಲ ಅಲ್ವಾ. ಆ ದುಡ್ಡಿನಲ್ಲಿ ಒಳ್ಳೆ ಟೈರ್ ಹಾಕಿಸಿ. ಬೆಣ್ಣಿಹಳ್ಳ ಬಂದ ದಿನ ಅಂಗಡಿಯಲ್ಲೇ ಕೂಡಿ.

ಹುಬ್ಬಳ್ಳಿ, ಗೋಕುಲ ರಸ್ತೆಯಲ್ಲಿ ಗ್ಯಾರೇಜ್

ಸಿಸಿ ಒಂದನ್ನೇ ನೋಡಿ ಗಾಡಿ ಆರಿಸಬೇಡಿ ಸರ್. ಒಂದು ಉದಾಹರಣೆ ಕೊಡುತ್ತೇನೆ. ಟಾಟಾದ ಇಂಟ್ರಾ ಪಿಕಪ್ಪಿನ ವಿ30, ವಿ50 ಎರಡು ಮಾಡೆಲ್ಲಿನಲ್ಲೂ ಇರುವುದು 1,496 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್. ವಿ30ಯದು 70 ಎಚ್‌ಪಿ, 140 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ವಿ50ಯದು 80 ಎಚ್‌ಪಿ, 220 ಎನ್‌ಎಂ. ಸಿಸಿ ಅದೇ, ಟಾರ್ಕ್ ಒಂದೂವರೆ ಪಟ್ಟು. ಈಗ ಬೊಲೆರೊ ಪಿಕಪ್ ನೋಡಿ. 2,523 ಸಿಸಿ, ಮಾಡೆಲ್ ಮೇಲೆ 70-80 ಎಚ್‌ಪಿ, 200-220 ಎನ್‌ಎಂ. ಒಂದು ಲೀಟರ್ ಜಾಸ್ತಿ ಎಂಜಿನ್, ಕಾಗದದ ಮೇಲೆ ಹೆಚ್ಚುಕಡಿಮೆ ಅದೇ ಶಕ್ತಿ.

ಹಾಗಾದರೆ ದೊಡ್ಡದರ ಲಾಭ ಏನು? ಗಾಡಿ ಎತ್ತುವಾಗ ಗೊತ್ತಾಗುತ್ತದೆ. ಟರ್ಬೊ ಗಾಳಿ ತುಂಬಬೇಕಾದರೆ ಎಂಜಿನ್ ಸ್ವಲ್ಪ ತಿರುಗಬೇಕು. ಅದಕ್ಕಿಂತ ಮುಂಚೆ, ಐಡ್ಲಿಂಗ್ ಸುತ್ತಮುತ್ತ, ಎಳೆತ ಬರುವುದು ಎಂಜಿನ್ನಿನ ಸೈಜಿನಿಂದಲೇ. ಫುಲ್ ಲೋಡಿನಲ್ಲಿ ಏರಿನಲ್ಲಿ ನಿಂತ ಗಾಡಿಯನ್ನು ದೊಡ್ಡ ಎಂಜಿನ್ ಸುಮ್ನೆ ಎತ್ತಿಕೊಂಡು ಹೋಗುತ್ತದೆ. ಸಣ್ಣದಕ್ಕೆ ಡ್ರೈವರ್ ರೇಸ್ ಕೊಟ್ಟು, ಅರ್ಧ ಕ್ಲಚ್ಚಿನಲ್ಲಿ ಹಿಡಿದು ಎತ್ತುತ್ತಾನೆ. ನಮ್ಮಲ್ಲಿಗೆ ಬರುವ ಸಣ್ಣ ಗಾಡಿಗಳಲ್ಲಿ ಎಂಜಿನ್ ಹೋದವು ಕಡಿಮೆ, ಕ್ಲಚ್ ಹೋದವೇ ಜಾಸ್ತಿ. ಬಿಚ್ಚಿದರೆ ಪ್ರೆಷರ್ ಪ್ಲೇಟ್ ಮೇಲೆ ನೀಲಿ ಕಲೆ ಎದ್ದಿರುತ್ತದೆ, ಕಾದು ಕಾದು ಕಬ್ಬಿಣದ ಬಣ್ಣ ತಿರುಗಿರುತ್ತದೆ. ಓನರ್ ಬಂದು "ಎಂಜಿನ್ ವೀಕ್ ಇದೆ" ಅನ್ನುತ್ತಾರೆ. ಎಂಜಿನ್ ಪಾಪ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಮಾತು. ಎಂಜಿನ್ ಎಳೆಯುತ್ತದೆ, ಹೊರುವುದಿಲ್ಲ. ಹೊರುವುದು ಚಾಸಿ, ಆಕ್ಸಲ್, ಕಮಾನ್ ಪಟ್ಟಿ, ಟೈರು. ಕೆಲವರು ಒಂದು ಪಟ್ಟಿ ಎಕ್ಸ್‌ಟ್ರಾ ಹಾಕಿಸಿ "ಈಗ ಎರಡು ಟನ್ ತಡೆಯುತ್ತದೆ" ಅಂತ ಹೋಗುತ್ತಾರೆ. ಆಕ್ಸಲ್ ಹಳೆಯದೇ, ಬ್ರೇಕ್ ಡ್ರಮ್ಮೂ ಹಳೆಯದೇ. ಗಾಡಿ ಬಗ್ಗುವುದು ನಿಂತಿತು ಅಂದ ಮಾತ್ರಕ್ಕೆ ಬ್ರೇಕ್ ಹಿಡಿಯುತ್ತದೆ ಅಂತ ಅಲ್ಲ.

ಮತ್ತೆ, 2020ರ ಏಪ್ರಿಲ್‌ನಿಂದ ಬಂದವೆಲ್ಲ ಬಿಎಸ್6, ಹೊಗೆಯ ಹೊಸ ನಿಯಮದವು. ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತೇವಲ್ಲ ಅದು. ಬರೀ ಊರೊಳಗೆ ಒಂದು-ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಮಸಿ ಸುಡುವಷ್ಟು ಬಿಸಿ ಅದಕ್ಕೆ ಸಿಗುವುದಿಲ್ಲ, ಲೈಟ್ ಬರುತ್ತದೆ. ನಿಮಗೆ ಗದಗ-ಹುಬ್ಬಳ್ಳಿ ಹೈವೇ ಓಡಾಟ ಇದೆ, ತೊಂದರೆ ಇಲ್ಲ. ಲೈಟ್ ಬಂದಾಗ ಮಾತ್ರ ನಡುದಾರಿಯಲ್ಲಿ ಚಹಾಕ್ಕೆ ಅಂತ ಆಫ್ ಮಾಡಬೇಡಿ, ಒಂದೇ ಸಮ ಓಡಿಸಿಬಿಡಿ.

ಬ್ಯಾಡಗಿ, ಮೆಣಸಿನಕಾಯಿ ಲೋಡ್ ಹೊಡೆಯುವವರು

ಮೆಣಸಿನಕಾಯಿಯ ವಿಷಯ ಯಾರೂ ಹೇಳಲಿಲ್ಲ. ಅದರಲ್ಲಿ ತೂಕ ಇಲ್ಲ, ಎತ್ತರ ಇದೆ. ಒಂದು ಟನ್ ಆಗುವ ಮುಂಚೆಯೇ ಗಾಡಿ ತುಂಬಿ ಕ್ಯಾಬಿನ್ ಮೇಲೆ ಹೋಗಿರುತ್ತದೆ. ನಿಮ್ಮ ಊರಿಂದ ಲಕ್ಷ್ಮೇಶ್ವರ ಕಡೆಯಿಂದ ಬರುವಾಗ ಏನೂ ಅನ್ನಿಸುವುದಿಲ್ಲ. ಹಾವೇರಿ ದಾಟುವಾಗ ಹೈವೇಯಲ್ಲಿ ಎದುರುಗಾಳಿ ಸಿಕ್ಕರೆ ಸಣ್ಣ ಎಂಜಿನ್ ಟಾಪ್ ಗೇರ್ ಹಿಡಿಯುವುದೇ ಇಲ್ಲ. ಕೆಳಗಿನ ಗೇರಿನಲ್ಲಿ ಅರಚಿಕೊಂಡು ಹೋಗುತ್ತದೆ, ಡೀಸೆಲ್ಲೂ ಕುಡಿಯುತ್ತದೆ. 50ರಲ್ಲಿ ಹೋಗೋಣ ಅಂದರೆ ಸರಿ, ಆದರೆ ಸೋಮವಾರ, ಗುರುವಾರ ಮಾರ್ಕೆಟ್ ದಿನ ಎಲ್ಲರಿಗೂ ಅವಸರ.

ನನ್ನ ಕೇಳಿದರೆ ಮೆಣಸಿನಕಾಯಿಗೆ ಎಂಜಿನ್ನಿಗಿಂತ ಬಾಡಿ ಉದ್ದ ಮುಖ್ಯ. ಹಿಂದಿನ ಡಬ್ಬಿ ಒಂದು ಅಡಿ ಉದ್ದ ಇದ್ದರೆ ಒಂದು ಸಾಲು ಚೀಲ ಮೇಲೆ ಏರುವುದು ತಪ್ಪುತ್ತದೆ.

ಧಾರವಾಡ, ನೀರಿನ ಕ್ಯಾನ್ ಸಪ್ಲೈ

ಸಿಎನ್‌ಜಿ ಕೂಡ ನೋಡಿ. ನಮ್ಮದು ಮಾರುತಿಯ ಸೂಪರ್ ಕ್ಯಾರಿ, 1.2 ಲೀಟರ್. ಸದ್ದಿಲ್ಲ, ಗಡಗಡ ಇಲ್ಲ. ಒಂದು ಕೊರತೆ ಅಂದರೆ ಪೆಟ್ರೋಲ್ ಮಾಡೆಲ್ಲಿಗೆ 740 ಕೆಜಿ ಲೋಡ್ ಇದ್ದರೆ ಸಿಎನ್‌ಜಿಗೆ 625. ಗ್ಯಾಸ್ ಸಿಲಿಂಡರಿನ ಭಾರ ಅಲ್ಲಿಗೇ ಹೋಯಿತು. ನೀರಿನ ಕ್ಯಾನಿಗೆ ಸಾಕು, ಹಿಂಡಿ ಚೀಲಕ್ಕೆ ಸಾಕಾಗಲ್ಲ ಅನ್ನಿಸುತ್ತದೆ.

ಕಲಘಟಗಿ, ಕರಾವಳಿ ಬಾಡಿಗೆ ಓಡಿಸುವವರು

ಗ್ಯಾರೇಜಿನವರು ಏರುವ ಮಾತು ಹೇಳಿದರು, ಇಳಿಯುವ ಮಾತು ಹೇಳಲಿಲ್ಲ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಅರಬೈಲ್ ಘಟ್ಟ ಇಳಿಯುವಾಗ ದೊಡ್ಡ ಡೀಸೆಲ್ ಎಂಜಿನ್ನಿನ ಬೆಲೆ ಗೊತ್ತಾಗುತ್ತದೆ. ಎರಡನೇ ಗೇರಿಗೆ ಹಾಕಿ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸಣ್ಣ ಎಂಜಿನ್ ಅಷ್ಟು ಹಿಡಿಯುವುದಿಲ್ಲ, ಬ್ರೇಕ್ ಒತ್ತುತ್ತಲೇ ಇರಬೇಕು, ಕೆಳಗೆ ಬರುವ ಹೊತ್ತಿಗೆ ಲೈನರ್ ಸುಟ್ಟ ವಾಸನೆ. ನೀವು ಘಟ್ಟ ಇಳಿಯುವವರಾದರೆ ಅಣ್ಣನ ಮಾತು ಕೇಳಿ. ಇಳಿಯದವರಾದರೆ ಈ ಕಾರಣಕ್ಕೆ ದುಡ್ಡು ಹಾಕಬೇಡಿ.

ಗದಗ-ಬೆಟಗೇರಿ, ಮನೆಯ ಗಾಡಿಗಳ ಲೆಕ್ಕ ಬರೆಯುವವಳು

ಗಂಡಸರು ಎಳೆತದ ಮಾತು ಮುಗಿಸಿದ್ದರೆ ದುಡ್ಡಿನ ಮಾತು ಹೇಳುತ್ತೇನೆ ಅಣ್ಣಾ. ತಿಂಗಳಿಗೆ 2,000 ಕಿಲೋಮೀಟರ್, ಡೀಸೆಲ್ 90 ರೂಪಾಯಿ ಅಂತ ಇಟ್ಟುಕೊಳ್ಳಿ. ಲೀಟರ್‌ಗೆ 18 ಕೊಡುವ ಗಾಡಿಗೆ 111 ಲೀಟರ್, 13 ಕೊಡುವ ಗಾಡಿಗೆ 154 ಲೀಟರ್. ವ್ಯತ್ಯಾಸ ಸುಮಾರು 3,800 ರೂಪಾಯಿ. ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಅಪ್ಪ ಗೆದ್ದರು.

ಆದರೆ ಹುಬ್ಬಳ್ಳಿಯಿಂದ ಒಂದೂವರೆ ಟನ್ ತರಬೇಕು ಅನ್ನಿ. ಹೋಗಿ ಬಂದರೆ 70 ಕಿಲೋಮೀಟರ್. ಒಂದು ಟನ್ನಿನ ಗಾಡಿ ಎರಡು ಸಲ ಹೋಗಬೇಕು, 140 ಕಿಲೋಮೀಟರಿಗೆ ಎಂಟು ಲೀಟರ್ ಹತ್ತಿರ. ದೊಡ್ಡದು ಒಂದೇ ಸಲಕ್ಕೆ ತರುತ್ತದೆ, ಐದೂವರೆ ಲೀಟರ್ ಒಳಗೆ. ಅರ್ಧ ದಿನ, ಹಮಾಲಿ ಕಾಯುವುದು, ಟೈರ್ ಸವೆತ ಬೇರೆ. ಹಾಗಾಗಿ ಆವರೇಜನ್ನು ಕಿಲೋಮೀಟರಿಗೆ ಅಲ್ಲ, ಚೀಲಕ್ಕೆ ಎಷ್ಟು ಬಿತ್ತು ಅಂತ ಹಾಕಿ ನೋಡಿ.

ನವಲಗುಂದ, ರೈತ

ಎರಡು ಸಲ ಯಾರು ಹೋಗುತ್ತಾರೆ ಅಕ್ಕಾ? ಒಂದು ಟನ್ನಿನ ಗಾಡಿಗೆ ಒಂದೂವರೆ ಹಾಕಿಕೊಂಡೇ ಬರುತ್ತಾರೆ ಎಲ್ಲರೂ.

ಗದಗ-ಬೆಟಗೇರಿ, ಲೆಕ್ಕದವಳು

ಬರುತ್ತಾರೆ, ಸಿಗುವ ತನಕ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಚೀಲ ಇಳಿಸುವ ಖರ್ಚೂ ನಿಮ್ಮದೇ. ಆ ಚೀಲದಲ್ಲಿ ನಿಮಗೆ ಉಳಿಯುವುದೆಷ್ಟು ಅಣ್ಣಾ?

ಇನ್ನೊಂದು ಗೆರೆ ಗೊತ್ತಿರಲಿ. ಗಾಡಿ, ಲೋಡ್ ಎಲ್ಲಾ ಸೇರಿ ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ಕಾಯ್ದೆಯ 66ನೇ ಸೆಕ್ಷನ್ನಿನಲ್ಲಿದೆ. 1,500 ಕೆಜಿ ಹೊರುವ ವಿ50 ಈ ಗೆರೆಯ ಒಳಗೆ ಬರುತ್ತದೆ, 1.7 ಟನ್ ಹೊರುವ ಬೊಲೆರೊ ದಾಟುತ್ತದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ 7,500 ಕೆಜಿ ತನಕ ಒಂದೇ ದರ, ಅಲ್ಲಿ ಏನೂ ಉಳಿಯಲ್ಲ. ಲೈಸೆನ್ಸಿಗೂ ಚಿಂತೆ ಬೇಡ, ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ ಕೇಳಿದವರು, ಅಣ್ಣಿಗೇರಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್ ರೀ. ಅಕ್ಕನ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ಚೀಲಕ್ಕೆ ಎಷ್ಟು ಬಿತ್ತು ಅನ್ನುವ ಮಾತು ಅವರಿಗೆ ಹಿಡಿಸಿತು. ಅಂಗಡಿ ನಡೆಸುವವರು ನೋಡಿ.

ನಮ್ಮ ಲೋಡ್ ಎಷ್ಟು, ದಾರಿ ಯಾವುದು ಅಂತಲೂ ಹೇಳಿಬಿಡುತ್ತೇನೆ: ಹುಬ್ಬಳ್ಳಿಯಿಂದ ಬರುವಾಗ 50 ಕೆಜಿಯ ಚೀಲ 20ರಿಂದ 26. ಹಳ್ಳಿಗೆ ಹೋಗುವಾಗ ಹತ್ತರ ಒಳಗೆ. ಘಟ್ಟಕ್ಕೆ ಹೋಗುವುದಿಲ್ಲ. ಅಣ್ಣ ಮಾತ್ರ "ಮುಂದೆ ಸಿಮೆಂಟ್, ಕಬ್ಬಿಣದ ಬಾಡಿಗೆ ಹಿಡಿಯೋಣ" ಅನ್ನುತ್ತಾನೆ.

ಹುಬ್ಬಳ್ಳಿ, ಗೋಕುಲ ರಸ್ತೆಯಲ್ಲಿ ಗ್ಯಾರೇಜ್

26 ಚೀಲ ಅಂದರೆ 1,300 ಕೆಜಿ. ಒಂದು ಟನ್ನಿನ 800 ಸಿಸಿ ಇಲ್ಲಿಗೆ ಹೊರಗಾಯಿತು, ಅದು ಬರೀ ಎಂಜಿನ್ನಿನ ಪ್ರಶ್ನೆ ಅಲ್ಲ. ವಿ30ಗೆ ಲೋಡ್ 1,300 ಸರಿಯಾಗುತ್ತದೆ, ಆದರೆ ಪ್ರತಿ ಸಲ ಗಂಟಲ ತನಕ ತುಂಬಿದಂತೆ. 1.5 ಲೀಟರಿನಲ್ಲೇ 220 ಎನ್‌ಎಂ ಇರುವುದನ್ನು ನೋಡಿ. 1,500 ಕೆಜಿ ಹೊರುತ್ತದೆ, ನಿಮ್ಮ ದಾರಿಗೆ ಎಳೆತ ಸಾಕು. 2.5 ಲೀಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ದಿನಾ ಕಬ್ಬಿಣ, ಸಿಮೆಂಟ್ ಹೊಡೆಯುವವರಿಗೆ ಅದೇ ಸರಿ. ಹತ್ತು ಚೀಲ ಹಾಕಿಕೊಂಡು ಹಳ್ಳಿ ಸುತ್ತುವ ದಿನಗಳೇ ಜಾಸ್ತಿ ಇದ್ದರೆ ಅಷ್ಟು ದೊಡ್ಡ ಎಂಜಿನ್ ಸುಮ್ನೆ ಡೀಸೆಲ್ ಕುಡಿಯುತ್ತದೆ. ಅಣ್ಣನ ಕೈಯಲ್ಲಿ ಬಾಡಿಗೆ ಆರ್ಡರ್ ಈಗಲೇ ಇದ್ದರೆ ಮಾತು ಬೇರೆ. ಇದೆಯಾ ಕೇಳಿ.

ಟೆಸ್ಟ್ ಡ್ರೈವಿಗೆ ಖಾಲಿ ಗಾಡಿ ಕೊಡುತ್ತಾರೆ. ಖಾಲಿ ಗಾಡಿ ಯಾವುದಾದರೂ ಓಡುತ್ತದೆ. ಮೊದಲೇ ಹೇಳಿ ಒಪ್ಪಿಸಿ, ಚೀಲ ತುಂಬಿಸಿ, ನೃಪತುಂಗ ಬೆಟ್ಟದ ಕಡೆಯ ಏರಿಗೆ ಹೋಗಿ. ನಡು ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಎತ್ತಿ. ರೇಸ್ ಎಷ್ಟು ಕೊಡಬೇಕಾಯಿತು, ಕ್ಲಚ್ ಎಷ್ಟು ಹೊತ್ತು ಹಿಡಿಯಬೇಕಾಯಿತು, ಅದನ್ನು ನೋಡಿ. ಎರಡೂ ಗಾಡಿಯಲ್ಲಿ ಅದೇ ಏರು, ಅದೇ ಚೀಲ. ಓಡಿಸುವುದು ಮನೆಯಲ್ಲಿ ದಿನಾ ಗಾಡಿ ಹಿಡಿಯುವವರೇ ಆಗಿರಲಿ, ಸೇಲ್ಸಿನವರಲ್ಲ.

ಪ್ರಶ್ನೆ ಕೇಳಿದವರು, ಅಣ್ಣಿಗೇರಿ

ಅಣ್ಣನನ್ನು ಕೇಳಿದೆ. ಆರ್ಡರ್ ಇನ್ನೂ ಇಲ್ಲವಂತೆ. ಹಂಗಾದರೆ 1.5 ಲೀಟರ್, ಜಾಸ್ತಿ ಟಾರ್ಕಿನದು. ಬ್ಯಾಡಗಿಯವರೇ, ಬಾಡಿ ಉದ್ದ ಮಾಡಿಸುವ ಹಾಗಿಲ್ಲ ಅಂತ ಆರ್‌ಟಿಒ ಏಜೆಂಟ್ ಹೇಳಿದ. ಕಂಪನಿಯಿಂದ ಬರುವ ಡಬ್ಬಿಯಲ್ಲೇ ಯಾವುದು ಉದ್ದ ಅಂತ ನಿಮಗೆ ಗೊತ್ತಿದ್ದರೆ ತಿಳಿಸಿ.

ಬ್ಯಾಡಗಿ, ಮೆಣಸಿನಕಾಯಿ ಲೋಡ್ ಹೊಡೆಯುವವರು

ಬ್ರೋಷರಿನ ಅಡಿ ನಂಬಬೇಡಿ, ಟೇಪ್ ಹಿಡಿದು ಒಳಗಿನ ಅಳತೆ ತಗೊಳ್ಳಿ. ತಾಡಪತ್ರಿ ಕಟ್ಟುವ ಕೊಕ್ಕೆ ಎಷ್ಟಿವೆ ಅಂತಲೂ ಎಣಿಸಿ.